ಪಟ್ಟಿ ಬಾಯಿಪಾಠವಾಗಿದೆ, ಚಿತ್ರ ಮಾತ್ರ ಬದಲಾಗಿಲ್ಲ

ಪ್ರಶ್ನೆ: ಬಾಗಲಕೋಟೆ ಜಿಲ್ಲೆಯಲ್ಲಿ, ಇಳಕಲ್ಲಿಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ನಾನು ಚಿತ್ರಕಲಾ ಶಿಕ್ಷಕಿ. ಎಂಟು ಮತ್ತು ಒಂಬತ್ತನೆಯ ತರಗತಿಗೆ ವಿನ್ಯಾಸದ ತತ್ವಗಳನ್ನು ಕಲಿಸುತ್ತಿದ್ದೇನೆ. ಸಮತೋಲನ, ಲಯ, ಪ್ರಮಾಣ, ವೈದೃಶ್ಯ (ಎದ್ದು ಕಾಣುವ ವ್ಯತ್ಯಾಸ), ಪ್ರಾಧಾನ್ಯ, ಏಕತೆ ಎಂದು ಮಕ್ಕಳು ಪಟಪಟನೆ ಹೇಳುತ್ತಾರೆ. ಚಿತ್ರ ಬಿಡಿಸಲು ಹೇಳಿದರೆ ಅದೇ ಎರಡು ಗುಡ್ಡ, ನಡುವೆ ಸೂರ್ಯ, ಗುಡಿಸಲು, ತೆಂಗಿನಮರ. ಡಿಸೈನ್ ಎಂದರೆ ಚೌಕದ ನಾಲ್ಕು ಮೂಲೆಗೆ ನಾಲ್ಕು ಹೂವು. ‘ಮೊದಲು ಕೈ ಕೂಡಲಿ, ತತ್ವ ಆಮೇಲೆ’ ಎನ್ನುತ್ತಾರೆ ಹಿರಿಯ ಸಹೋದ್ಯೋಗಿಯೊಬ್ಬರು. ‘ನಿಯಮ ಹೇಳಿಕೊಟ್ಟರೆ ಮಕ್ಕಳ ಕಲ್ಪನೆ ಸತ್ತುಹೋಗುತ್ತದೆ’ ಎಂದು ತರಬೇತಿಯಲ್ಲಿ ಹೇಳಿದರು. ವಾರಕ್ಕೆ ಎರಡು ಅವಧಿ, ತರಗತಿಗೆ ಅರವತ್ತು ಮಕ್ಕಳು, ಬಣ್ಣದ ಪೆಟ್ಟಿಗೆ ಅರ್ಧದಷ್ಟು ಮಕ್ಕಳ ಬಳಿಯೂ ಇಲ್ಲ. ಇದ್ದವರು ಮೊಬೈಲ್ ನೋಡಿ ನಕಲು ಮಾಡಿಕೊಂಡು ಬರುತ್ತಾರೆ. ಈ ತತ್ವಗಳನ್ನು ಕಲಿಸಬೇಕೇ, ಬಿಟ್ಟುಬಿಡಬೇಕೇ? ಕಲಿಸುವುದಾದರೆ ಎಲ್ಲಿಂದ ಶುರುಮಾಡಲಿ? ಅಂಕ ಹೇಗೆ ಕೊಡಲಿ?

ಉತ್ತರ: ಕಲಿಸಿ ಮೇಡಂ. ಆದರೆ ಪಟ್ಟಿಯನ್ನು ಹಲಗೆಯ ಮೇಲೆ ಬರೆಯುವ ಕೆಲಸ ವರ್ಷದ ಕೊನೆಗಿರಲಿ.

ವಿಜಯಪುರದಲ್ಲಿ ಕಲಾ ಕಾಲೇಜಿನ ಮೊದಲ ವರ್ಷದವರಿಗೆ ಮೂಲ ವಿನ್ಯಾಸ ಹೇಳಿಕೊಡುವವನು ನಾನು. ನಿಮ್ಮಂಥ ಶಾಲೆಗಳಿಂದ ಬಂದ ಹುಡುಗ ಹುಡುಗಿಯರೇ ನನ್ನ ಎದುರು ಕೂರುತ್ತಾರೆ. ಆ ಪಟ್ಟಿ ಅವರಿಗೂ ಬಾಯಿಪಾಠ. ಮಗ್ಗದ ಭಾಗಗಳ ಹೆಸರನ್ನೆಲ್ಲ ಹೇಳಬಲ್ಲ ಹುಡುಗ ಸೀರೆ ನೇಯಬಲ್ಲ ಎಂದಾಗುವುದಿಲ್ಲ, ಇದೂ ಹಾಗೆಯೇ. ಸಮತೋಲನ ಎಂಬ ಮಾತು ಬೇಕಾಗುವುದು ಚಿತ್ರ ಯಾಕೋ ಒಂದು ಮಗ್ಗುಲಿಗೆ ವಾಲುತ್ತಿದೆ ಎಂದು ಬಿಡಿಸುವವರ ಕೈ ತಡೆದು ನಿಂತಾಗ. ಗುಡ್ಡ, ಸೂರ್ಯ, ಗುಡಿಸಲಿನ ಚಿತ್ರದಲ್ಲಿ ಕೈ ಎಲ್ಲಿಯೂ ತಡೆಯುವುದಿಲ್ಲ. ಸೂರ್ಯ ಎಷ್ಟು ದೊಡ್ಡವನಿರಬೇಕು, ಗುಡಿಸಲು ಹಾಳೆಯ ಅಂಚಿಗೆ ಎಷ್ಟು ಹತ್ತಿರ ಇರಬೇಕು ಎಂಬುದೆಲ್ಲ ಆ ಮಗು ಹುಟ್ಟುವ ಮೊದಲೇ ತೀರ್ಮಾನವಾಗಿಹೋಗಿದೆ. ತೀರ್ಮಾನಿಸುವುದಕ್ಕೆ ಏನೂ ಉಳಿಯದ ಕಡೆ ತತ್ವಕ್ಕೆ ಕೆಲಸವಿಲ್ಲ. ಹಾಗಾಗಿ ನಿಮ್ಮ ಮುಂದಿರುವ ಕೆಲಸ ಇನ್ನೊಂದು ವ್ಯಾಖ್ಯೆ ಬರೆಸುವುದಲ್ಲ, ಮಕ್ಕಳು ತಾವೇ ತೀರ್ಮಾನಿಸಬೇಕಾದ ಇಕ್ಕಟ್ಟನ್ನು ಸೃಷ್ಟಿಸುವುದು.

ನಿಮಗೆ ಸಿಕ್ಕಿರುವ ಎರಡೂ ಸಲಹೆಗಳಲ್ಲಿ ಅರ್ಧರ್ಧ ಸತ್ಯವಿದೆ. ನಿಯಮದಿಂದ ಕಲ್ಪನೆ ಸಾಯುತ್ತದೆ ಎನ್ನುವವರು ಒಂದನ್ನು ಮರೆಯುತ್ತಾರೆ: ನಿಮ್ಮ ಮಕ್ಕಳು ಈಗಾಗಲೇ ನಿಯಮದೊಳಗೇ ಇದ್ದಾರೆ. ಎರಡು ಗುಡ್ಡದ ನಡುವೆಯೇ ಸೂರ್ಯ ಹುಟ್ಟಬೇಕೆಂಬುದಕ್ಕಿಂತ ಬಿಗಿಯಾದ ನಿಯಮ ಯಾವ ಪಠ್ಯಪುಸ್ತಕದಲ್ಲಿದೆ? ಇನ್ನು ಕೈ ಕೂಡಲಿ ಎನ್ನುವ ನಿಮ್ಮ ಸಹೋದ್ಯೋಗಿಯ ಮಾತು ಅಭ್ಯಾಸದ ಮಟ್ಟಿಗೆ ಸರಿ. ಆದರೆ ಕೈ ಕೂಡಿದ ಮೇಲೆ ಕಣ್ಣು ತಾನಾಗಿ ಕೂಡಿಕೊಳ್ಳುವುದಿಲ್ಲ. ಕುದುರೆಯನ್ನು ಜೀವ ಬರುವಂತೆ ಬಿಡಿಸಿ ಅದನ್ನು ಹಾಳೆಯ ಯಾವ ಭಾಗದಲ್ಲಿ ಇಡಬೇಕೆಂದು ತಿಳಿಯದೆ ನಟ್ಟನಡುವೆ ಅಂಟಿಸಿದಂತೆ ಬಿಟ್ಟವರನ್ನು ನಾನು ಪ್ರತಿ ವರ್ಷ ನೋಡುತ್ತೇನೆ.

ಈ ಪಟ್ಟಿ ಎಲ್ಲಿಂದ ಬಂತೆಂದು ತಿಳಿದರೆ ಅದರ ಬಗೆಗಿನ ಭಯಭಕ್ತಿ ಸ್ವಲ್ಪ ಇಳಿಯುತ್ತದೆ. ಇದು ವೇದವಾಕ್ಯವಲ್ಲ. 19ನೆಯ ಶತಮಾನದಲ್ಲಿ ಯಂತ್ರದ ಸರಕು ಪೇಟೆಗೆ ಬಂದಾಗ ಬಟ್ಟೆ, ಪಾತ್ರೆ, ಗೋಡೆಯ ಕಾಗದದ ಅಲಂಕಾರ ಹೇಗಿರಬೇಕೆಂಬ ಚರ್ಚೆ ಇಂಗ್ಲೆಂಡಿನಲ್ಲಿ ಎದ್ದಿತು. ಓವೆನ್ ಜೋನ್ಸ್ ಎಂಬ ವಾಸ್ತುಶಿಲ್ಪಿ 1856ರಲ್ಲಿ ಅಲಂಕಾರ ಕಲೆಗೆ 37 ಸೂತ್ರಗಳನ್ನು ಮುಂದಿಟ್ಟ. 1899ರಲ್ಲಿ ಅಮೆರಿಕದ ಕಲಾ ಶಿಕ್ಷಕ ಆರ್ಥರ್ ವೆಸ್ಲಿ ಡೌ ಅದನ್ನು ಐದಕ್ಕೆ ಇಳಿಸಿದ. ಕೆಲವೇ ವರ್ಷಗಳಲ್ಲಿ ಡೆನ್ಮನ್ ರಾಸ್ ಎಂಬಾತ ಮೂರೇ ಸಾಕೆಂದ: ಸಾಮರಸ್ಯ, ಸಮತೋಲನ, ಲಯ. ಇಂದಿನ ಪಠ್ಯಗಳಲ್ಲಿ ಆರು, ಏಳು, ಎಂಟು, ಹತ್ತು, ಪ್ರಕಾಶಕರ ಧಾರಾಳಕ್ಕೆ ತಕ್ಕಂತೆ. ನಮ್ಮ ಬಾಗಲಕೋಟೆ, ವಿಜಯಪುರ, ಬೆಳಗಾವಿ ಸೀಮೆ 1956ರವರೆಗೆ ಮುಂಬೈ ಆಡಳಿತದಲ್ಲಿತ್ತು. 1857ರಲ್ಲಿ ಆರಂಭವಾದ ಅಲ್ಲಿನ ಜೆ.ಜೆ. ಕಲಾಶಾಲೆಯ ಪಾಠಕ್ರಮದ ನೆರಳು ನಮ್ಮ ಡ್ರಾಯಿಂಗ್ ಪಾಠಗಳ ಮೇಲೆ ಇನ್ನೂ ಇದೆ. ಚೌಕದೊಳಗೆ ಹೂಬಳ್ಳಿ ತುಂಬಿಸುವ ಡಿಸೈನ್ ಆ ಕಾಲದ ಅಲಂಕಾರದ ಪಾಠದ ಕೊನೆಯ ಕೊಂಡಿ ಎಂದೇ ನಾನು ತಿಳಿದಿದ್ದೇನೆ.

ಹಾಗಾದರೆ ಇವೆಲ್ಲ ಯಾರೋ ಕೂತು ಕಟ್ಟಿದ್ದೇ? ಪೂರ್ತಿ ಹಾಗಲ್ಲ. ಹೆಸರು, ಸಂಖ್ಯೆ ಬದಲಾದರೂ ಕೆಳಗೆ ಒಂದು ಗಟ್ಟಿ ನೆಲವಿದೆ, ಅದು ನಮ್ಮ ಕಣ್ಣಿನ ಸ್ವಭಾವ. ಹತ್ತಿರ ಇರುವುದನ್ನು ಕಣ್ಣು ಒಂದು ಗುಂಪೆಂದು ಓದುತ್ತದೆ. ಒಂದೇ ಥರ ಕಾಣುವವನ್ನು ದೂರವಿದ್ದರೂ ಸೇರಿಸಿಕೊಳ್ಳುತ್ತದೆ. ಸಾಲಿನಲ್ಲಿ ಒಂದು ಬೇರೆಯಾದರೆ ಮೊದಲು ಅಲ್ಲಿಗೇ ಓಡುತ್ತದೆ. ಮನಶ್ಶಾಸ್ತ್ರಜ್ಞ ಮ್ಯಾಕ್ಸ್ ವರ್ಥೈಮರ್ 1923ರಲ್ಲಿ ಕಣ್ಣು ಹೀಗೆ ಗುಂಪು ಮಾಡುವುದನ್ನು ಬರೀ ಚುಕ್ಕೆ, ಗೆರೆಗಳಿಂದ ತೋರಿಸಿದ. ರಂಗೋಲಿಯ ಚುಕ್ಕೆ ಇಟ್ಟ ಯಾವ ಅಜ್ಜಿಗೂ ಅದು ಹೊಸದೇನಲ್ಲ. ನಾವು ತತ್ವ ಎನ್ನುವುದು ಈ ಸ್ವಭಾವವನ್ನು ಬಳಸಿಕೊಳ್ಳುವ ಉಪಾಯಗಳಿಗೆ ಕೊಟ್ಟ ಹೆಸರು.

ನಿಮ್ಮ ಮಕ್ಕಳ ತಲೆಯಲ್ಲಿ ಕೂತಿರಬಹುದಾದ ಎರಡು ತಪ್ಪುಗಳನ್ನು ಮಾತ್ರ ಕಿತ್ತುಹಾಕಿ. ಸಮತೋಲನವೆಂದರೆ ಎಡಬಲ ಒಂದೇ ಥರ ಇರುವುದು ಎಂಬುದು ಮೊದಲನೆಯದು. ನಾಲ್ಕು ಮೂಲೆಗೆ ನಾಲ್ಕು ಹೂವು ಬರುವುದು ಇದರಿಂದಲೇ. ಗೋಳಗುಮ್ಮಟ ಹಾಗಿದೆ ನಿಜ: ನಾಲ್ಕು ಮೂಲೆಗೆ ಏಳೇಳು ಅಂತಸ್ತಿನ ಅಷ್ಟಕೋನದ ಗೋಪುರ, ನಡುವೆ ಸುಮಾರು 44 ಮೀಟರ್ ಹೊರವ್ಯಾಸದ ಗುಮ್ಮಟ. ಆದರೆ ಅದೇ ಊರಿನಲ್ಲಿ ಇಬ್ರಾಹಿಂ ರೋಜಾ ಇದೆ. ಒಂದೇ ಕಟ್ಟೆಯ ಮೇಲೆ ಪೂರ್ವಕ್ಕೆ ಗೋರಿ, ಪಶ್ಚಿಮಕ್ಕೆ ಮಸೀದಿ, ನಡುವೆ ನೀರಿನ ತೊಟ್ಟಿ. ದೂರದಿಂದ ನೋಡಿದರೆ ಎರಡೂ ಜೋಡಿ ಎನಿಸುತ್ತವೆ. ಹತ್ತಿರ ಹೋಗಿ ಕಮಾನುಗಳನ್ನು ಎಣಿಸಿದರೆ, ತಳದ ಆಕಾರ ನೋಡಿದರೆ, ಕೆತ್ತನೆ ಎಲ್ಲಿ ಹೆಚ್ಚು ಎಂದು ಹುಡುಕಿದರೆ ಅವು ಬೇರೆ ಬೇರೆ ಕಟ್ಟಡಗಳು. ಒಂದರ ತೂಕವನ್ನು ಇನ್ನೊಂದು ತೂಗುತ್ತಿದೆ, ಅನುಕರಿಸುತ್ತಿಲ್ಲ. ಎರಡರ ಫೋಟೊವನ್ನೂ ಗೋಡೆಗೆ ಅಂಟಿಸಿ ‘ಯಾವುದರಲ್ಲಿ ಸಮತೋಲನವಿದೆ?’ ಎಂದು ಕೇಳಿ ಸುಮ್ಮನೆ ಕೂತುಬಿಡಿ. ವಾದ ತಾನಾಗಿ ಹತ್ತಿಕೊಳ್ಳುತ್ತದೆ.

ಎರಡನೆಯದು ಇತ್ತೀಚಿನ ಪಿಡುಗು, ಸುವರ್ಣ ಅನುಪಾತ. ಯಾವ ಚಿತ್ರ ಸಿಕ್ಕರೂ ಅದರ ಮೇಲೆ ಶಂಖದ ಸುರುಳಿ ಎಳೆದು ‘ನೋಡಿ, 1.618’ ಎನ್ನುವ ವಿಡಿಯೋಗಳು. ದಪ್ಪ ಗೆರೆಯ ಸುರುಳಿಯನ್ನು ಹಿಗ್ಗಿಸಿ ಕುಗ್ಗಿಸಿ ಎಲ್ಲಿ ಬೇಕಾದರೂ ಕೂರಿಸಬಹುದು. ನಿಮ್ಮ ಶಾಲೆಯ ಗಂಟೆಯ ಮೇಲೂ ಕೂರುತ್ತದೆ. ಆ ಅನುಪಾತಕ್ಕೆ ಗಣಿತದಲ್ಲಿ ಗೌರವದ ಜಾಗವಿದೆ. ಸೌಂದರ್ಯದ ಕೀಲಿಕೈ ಅದೇ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಹೈಸ್ಕೂಲಿನಲ್ಲಿ ಅದನ್ನು ಮುಟ್ಟುವ ಗೋಜಿಗೆ ಹೋಗಬೇಡಿ.

ಈಗ ಮಕ್ಕಳು ಯಾಕೆ ಗುಡ್ಡ-ಸೂರ್ಯವನ್ನು ಬಿಡುತ್ತಿಲ್ಲ ಎಂಬುದಕ್ಕೆ ಬರೋಣ. ಸೋಮಾರಿತನ ಇದಕ್ಕೆ ಕಾರಣವಲ್ಲ. ಹನ್ನೆರಡು ಹದಿಮೂರರ ಹೊತ್ತಿಗೆ ಮಕ್ಕಳಿಗೆ ತಮ್ಮ ಚಿತ್ರ ‘ನಿಜದಂತೆ’ ಕಾಣಬೇಕೆಂಬ ಆಸೆ ಜೋರಾಗುತ್ತದೆ. ಕೈಗೆ ಅಷ್ಟು ಶಕ್ತಿ ಬಂದಿರುವುದಿಲ್ಲ. ಕಲಾಶಿಕ್ಷಣವನ್ನು ಅಭ್ಯಸಿಸಿದ ವಿಕ್ಟರ್ ಲೋವೆನ್‌ಫೆಲ್ಡ್ ಮಕ್ಕಳ ಚಿತ್ರದ ಹಂತಗಳನ್ನು ಗುರುತಿಸುವಾಗ ಈ ವಯಸ್ಸನ್ನು ಬೇರೆಯಾಗಿಯೇ ಇಟ್ಟಿದ್ದಾರೆ. ಐದನೆಯ ತರಗತಿಯಲ್ಲಿ ಆನೆಗೆ ಆರು ಕಾಲು ಬಿಡಿಸಿ ನಕ್ಕ ಹುಡುಗ ಎಂಟನೆಯ ತರಗತಿಯಲ್ಲಿ ಪಕ್ಕದವನು ನಕ್ಕಾನೆಂದು ಹೆದರುತ್ತಾನೆ. ಹೆದರಿದವನು ಯಾರೂ ನಗಲಾರದ ಚಿತ್ರಕ್ಕೆ ಮೊರೆಹೋಗುತ್ತಾನೆ. ಗುಡಿಸಲು ಯಾರನ್ನೂ ಅವಮಾನಿಸುವುದಿಲ್ಲ. ಮೊಬೈಲಿನ ನಕಲೂ ಇದೇ ಭಯದ ಇನ್ನೊಂದು ರೂಪ. ಆದ್ದರಿಂದ ಮೊದಲ ಕೆಲವು ವಾರ ಯಾರಿಗೂ ‘ಚಿತ್ರ ಬರಬೇಕಾದ’ ಅಗತ್ಯವೇ ಇಲ್ಲದ ಅಭ್ಯಾಸ ಕೊಡಿ. ಬಣ್ಣದ ಪೆಟ್ಟಿಗೆಯ ಚಿಂತೆಯೂ ಅದರಲ್ಲೇ ತೀರುತ್ತದೆ.

ನಾನು ಬಿಡದೆ ಮಾಡಿಸುವ ಒಂದು ಅಭ್ಯಾಸವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ. ಅದು ನನ್ನದಲ್ಲ, ವಿನ್ಯಾಸದ ಶಾಲೆಗಳಲ್ಲಿ ಬಹುಕಾಲದಿಂದ ನಡೆದುಬಂದದ್ದು. ಅಂಗೈಯಗಲದ ಬಿಳಿ ಕಾಗದ, ಅದರ ಮೇಲೆ ಒಂದೇ ಅಳತೆಯ ನಾಲ್ಕು ಕಪ್ಪು ಚೌಕ, ಇಷ್ಟೇ ಸಾಮಗ್ರಿ. ಹಳೆಯ ಲಗ್ನಪತ್ರಿಕೆಯ ಬಿಳಿ ಹಿಂಬದಿ ಧಾರಾಳವಾಗಿ ಸಾಕು. ಕಪ್ಪು ಕಾಗದ ಸಿಗದಿದ್ದರೆ ಹಾಳೆಗೆ ಮಸಿ ಬಳಿದು ಒಣಗಿಸಿಕೊಂಡರಾಯಿತು. ಅಂಟನ್ನು ಮಾತ್ರ ನೀವೇ ಬಚ್ಚಿಟ್ಟುಕೊಳ್ಳಿ, ಅವಧಿ ಮುಗಿಯಲು ಹತ್ತು ನಿಮಿಷ ಇರುವವರೆಗೆ ಹೊರತೆಗೆಯಬೇಡಿ. ಒಂದು ಪದ ಕೊಡಿ: ‘ಜಗಳ’. ನಾಲ್ಕು ಚೌಕಗಳನ್ನು ಸರಿಸಿ, ತಿರುಗಿಸಿ, ಒಂದರ ಮೇಲೊಂದು ಹೊದಿಸಿ, ಹಾಳೆಯಂಚಿನಲ್ಲಿ ಕತ್ತರಿಸಿ ಜಗಳವನ್ನು ತೋರಿಸಬೇಕು. ಚೌಕಕ್ಕೆ ಕಣ್ಣು, ಮೂಗು, ಕೋಲು ಬಿಡಿಸುವಂತಿಲ್ಲ.

ಮೊದಲ ಐದು ನಿಮಿಷ ಎಲ್ಲರೂ ನಿಮ್ಮ ಮುಖ ನೋಡುತ್ತಾರೆ. ಆಮೇಲೆ ಯಾರೋ ಎರಡು ಚೌಕಗಳ ಮೂಲೆಗೆ ಮೂಲೆ ತಾಗಿಸುತ್ತಾರೆ. ತಾಗುವುದಕ್ಕಿಂತ ಕೂದಲೆಳೆಯಷ್ಟು ಅಂತರ ಬಿಟ್ಟರೆ ಜಗಳ ಹೆಚ್ಚಾಗುತ್ತದೆ ಎಂದು ಪಕ್ಕದ ಬೆಂಚಿನವರು ಕಂಡುಹಿಡಿಯುತ್ತಾರೆ. ಮುಂದಿನ ಅವಧಿಗೆ ‘ಒಂಟಿತನ’ ಕೊಡಿ. ಹೆಚ್ಚಿನವರು ಮೂರನ್ನು ಗುಂಪುಮಾಡಿ ಒಂದನ್ನು ದೂರ ತಳ್ಳುತ್ತಾರೆ. ಸರಿಯಾದ ಉತ್ತರವೇ. ಆದರೆ ತರಗತಿಯಲ್ಲಿ ಒಬ್ಬರಾದರೂ ನಾಲ್ಕನ್ನೂ ನಾಲ್ಕು ಮೂಲೆಗೆ ದೂಡಿ ನಡುವಿನ ಹಾಳೆಯನ್ನೆಲ್ಲ ಖಾಲಿ ಬಿಡುವವರಿರುತ್ತಾರೆ. ಡಿಸೈನ್ ಎಂದರೆ ನಾಲ್ಕು ಮೂಲೆಗೆ ನಾಲ್ಕು ಹೂವು ಎಂದುಕೊಂಡಿದ್ದ ತರಗತಿಗೆ ಆ ಹಾಳೆಯನ್ನು ಎತ್ತಿ ತೋರಿಸಿ. ಅದೇ ಜೋಡಣೆ ಈಗ ಬೇರೆ ಮಾತಾಡುತ್ತಿದೆ. ‘ಜಾತ್ರೆ’, ‘ಪ್ರಾರ್ಥನೆಯ ಸಾಲು’, ‘ಬೀಳುವುದು’ ಎಂದು ಪದಗಳನ್ನು ಬೆಳೆಸುತ್ತ ಹೋಗಿ. ನಾಲ್ಕೈದು ಅವಧಿಗಳಲ್ಲಿ ಮಕ್ಕಳು ಸಮತೋಲನ, ವೈದೃಶ್ಯ, ಲಯ, ಖಾಲಿ ಜಾಗದ ಬೆಲೆ ಎಲ್ಲವನ್ನೂ ಕೈಯಾರೆ ಮಾಡಿ ಮುಗಿಸಿರುತ್ತಾರೆ. ಆಗ ಹೇಳಿ: ‘ನೀನು ಮಾಡಿದೆಯಲ್ಲ, ಇದಕ್ಕೆ ವೈದೃಶ್ಯ ಎನ್ನುತ್ತಾರೆ.’ ಹೆಸರು ಆಮೇಲೆ ಮರೆಯುವುದಿಲ್ಲ.

ಇದರ ಮುಂದಿನ ಪಾಠಕ್ಕೆ ನೀವು ಪುಣ್ಯವಂತರು, ಇಳಕಲ್ಲಿನ ಬಳಿ ಇದ್ದೀರಿ. ಒಂದು ಇಳಕಲ್ ಸೀರೆಯನ್ನು ತಂದು ಮೇಜಿನ ಮೇಲೆ ಪೂರ್ತಿ ಹರಡಿ. ಒಡಲು ನೋಡಿ: ಸಾದಾ ಬಣ್ಣವೋ, ಸಣ್ಣ ಚೌಕಡಿಯೋ, ಕಣ್ಣಿಗೆ ಹೆಚ್ಚು ಕೆಲಸವಿಲ್ಲ. ಎರಡೂ ಅಂಚಿಗೆ ದಡಿ, ಸೀರೆಯುದ್ದಕ್ಕೂ ಒಂದೇ ನಮೂನೆ ಮತ್ತೆ ಮತ್ತೆ. ಇಷ್ಟು ಉದ್ದದ ಶಾಂತಿಯ ನಂತರ ಒಮ್ಮೆಲೇ ಕೆಂಪು ಸೆರಗು. ತೋಪತೆನೆ ಸೆರಗಾದರೆ ಸಾಮಾನ್ಯವಾಗಿ ಮೂರು ಕೆಂಪು ಪಟ್ಟಿ, ನಡುವೆ ಎರಡು ಬಿಳಿ. ಸೆರಗಿನ ಹಾಸು (ಉದ್ದದ ಎಳೆಗಳು) ಬೇರೆ, ಒಡಲಿನ ಹಾಸು ಬೇರೆ. ನೇಕಾರರು ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸುತ್ತಾರೆ. ಇಡೀ ಸೀರೆ ಸೆರಗಿನಷ್ಟೇ ಕೆಂಪಾಗಿ, ಸೆರಗಿನಷ್ಟೇ ನಮೂನೆಯಿಂದ ತುಂಬಿದ್ದರೆ ಸೆರಗಿಗೆ ಏನು ಉಳಿಯುತ್ತಿತ್ತು ಎಂದು ಕೇಳಿ. ಪ್ರಾಧಾನ್ಯದ ಪಾಠ ಅಷ್ಟೇ: ಒಂದು ಕಡೆ ಎದ್ದು ಕಾಣಬೇಕಾದರೆ ಉಳಿದದ್ದು ಸುಮ್ಮನಿರಬೇಕು. ಸೆರಗಿನ ಮೇಲಿನ ತೆನೆ, ಹಣಿಗೆ (ಬಾಚಣಿಗೆ), ಕೋಟೆಯ ತೆನೆಗಳಂಥ ನಮೂನೆಗಳನ್ನು ಮಕ್ಕಳೇ ಬೆರಳಿಟ್ಟು ಗುರುತಿಸಲಿ.

ಇಲ್ಲೊಂದು ಎಚ್ಚರ. ನೇಕಾರರ ಮನೆಯ ಮಗುವನ್ನು ಎಬ್ಬಿಸಿ ನಿಲ್ಲಿಸಿ ‘ನಿಮ್ಮ ಮನೆಯಲ್ಲಿ ನೇಯುತ್ತಾರಲ್ಲ, ನೀನು ಹೇಳು’ ಎನ್ನಬೇಡಿ. ಕೆಲವರಿಗೆ ಅದು ಹೆಮ್ಮೆ, ಕೆಲವರಿಗೆ ಮುಜುಗರ. ತಾನಾಗಿ ಬಾಯಿಬಿಟ್ಟರೆ ಆ ದಿನದ ಪಾಠವನ್ನು ಅವರ ಕೈಗೇ ಒಪ್ಪಿಸಿ ನೀವು ಹಿಂದಿನ ಬೆಂಚಿನಲ್ಲಿ ಕೂತು ಕೇಳಿ.

ಬಣ್ಣದ ವಿಷಯಕ್ಕೂ ಮಗ್ಗವೇ ಒಳ್ಳೆಯ ಮೇಷ್ಟ್ರು. ಪ್ಯಾರಿಸಿನ ಗೋಬೆಲಿನ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಹೊಣೆ ಹೊತ್ತಿದ್ದವನು ಶೆವ್ರೋಲ್ ಎಂಬ ರಸಾಯನಶಾಸ್ತ್ರಜ್ಞ. ನೀಲಿ, ನೇರಳೆಯ ನಡುವೆ ಬಂದ ಕಪ್ಪು ಎಳೆ ಪೇಲವವಾಗಿ ಕಾಣುತ್ತದೆ, ಬಣ್ಣವೇ ಸರಿಯಿಲ್ಲ ಎಂದು ಅವನಿಗೆ ದೂರು ಬಂತು. ಆ ಕಪ್ಪನ್ನು ಬೇರೆ ಕಾರ್ಖಾನೆಗಳ ಕಪ್ಪಿನೊಂದಿಗೆ ಹೋಲಿಸಿ ನೋಡಿದರೆ ಅದರಲ್ಲಿ ದೋಷವೇ ಇರಲಿಲ್ಲ. ಪಕ್ಕದ ಬಣ್ಣ ಅದನ್ನು ಹಾಗೆ ಕಾಣಿಸುತ್ತಿತ್ತು. 1839ರಲ್ಲಿ ಅವನು ಇದನ್ನು ವಿಸ್ತಾರವಾಗಿ ಪ್ರಕಟಿಸಿದ. ಮಕ್ಕಳಿಗೆ ತೋರಿಸಲು ಒಂದೇ ಬೂದು ಕಾಗದದ ಎರಡು ತುಂಡು ಸಾಕು. ಒಂದನ್ನು ಅಚ್ಚ ಹಳದಿಯ ಮೇಲಿಡಿ, ಇನ್ನೊಂದನ್ನು ಕಡುನೀಲಿಯ ಮೇಲಿಡಿ. ಎರಡೂ ಒಂದೇ ಎಂದು ಯಾರೂ ನಂಬುವುದಿಲ್ಲ. ನೀವು ತುಂಡುಗಳನ್ನು ಎತ್ತಿ ಪಕ್ಕಪಕ್ಕ ಹಿಡಿಯಬೇಕು. ಕೆಂಪು ಎಂದರೆ ಕೋಪ, ಹಸಿರು ಎಂದರೆ ಶಾಂತಿ ಎಂದು ಬರೆಸುವ ಕೋಷ್ಟಕಗಳಿಗಿಂತ ಈ ಐದು ನಿಮಿಷ ಮೇಲು.

ಇನ್ನು ಇಡೀ ವರ್ಷವನ್ನು ಹೇಗೆ ನಡೆಸುವುದೆಂಬ ಪ್ರಶ್ನೆ. ವಾರಕ್ಕೊಂದು ತತ್ವ ಎಂದು ಪಠ್ಯದ ಕ್ರಮದಲ್ಲೇ ಹೋಗುವುದು ಒಂದು ದಾರಿ. ದಾಖಲೆಗೆ ಚೆನ್ನ, ಪರಿಶೀಲನೆಗೆ ಬಂದವರಿಗೆ ತೋರಿಸಲು ಸುಲಭ, ಹೊಸ ಶಿಕ್ಷಕರಿಗೆ ಧೈರ್ಯ. ಇದರಲ್ಲಿ ಅಪಾಯವೆಂದರೆ, ಸಮತೋಲನದ ವಾರದಲ್ಲಿ ಮಕ್ಕಳು ಸಮತೋಲನವನ್ನೇ ‘ಬಿಡಿಸುತ್ತಾರೆ’, ಮುಂದಿನ ವಾರ ಅದನ್ನು ಮರೆತು ಲಯವನ್ನು ಬಿಡಿಸುತ್ತಾರೆ. ನಿಜವಾದ ಚಿತ್ರದಲ್ಲಿ ಇವು ಒಂದರ ಕಾಲು ಒಂದು ಎಳೆಯುತ್ತಿರುತ್ತವೆ ಎಂಬುದು ತಿಳಿಯುವುದೇ ಇಲ್ಲ.

ಒಂದು ಕೆಲಸವನ್ನು ಹಿಡಿದು ಅದರ ನಡುವೆ ತತ್ವವನ್ನು ತರುವುದು ಇನ್ನೊಂದು ದಾರಿ. ನನ್ನ ಒಲವು ಇದರ ಕಡೆಗೆ. ಶಾಲೆಯ ವಾರ್ಷಿಕೋತ್ಸವದ ಆಮಂತ್ರಣ, ಬಿಸಿಯೂಟದ ಕೋಣೆಯ ಗೋಡೆ, ಗ್ರಂಥಾಲಯದ ಫಲಕ, ಯಾವುದಾದರೂ ಆದೀತು. ಆಮಂತ್ರಣದಲ್ಲಿ ದಿನಾಂಕ ಕಾಣುತ್ತಿಲ್ಲ ಎಂದು ಯಾರೋ ಗೊಣಗಿದಾಗ ಪ್ರಾಧಾನ್ಯದ ಪಾಠ ಶುರುವಾಗುತ್ತದೆ. ತೊಂದರೆಗಳೂ ಇವೆ: ಗಲಾಟೆ ಹೆಚ್ಚು, ಕೆಲವು ತತ್ವಗಳು ಬಾರದೇ ಹೋಗಬಹುದು, ಕೈ ಚುರುಕಿರುವ ನಾಲ್ಕು ಮಕ್ಕಳು ಎಲ್ಲವನ್ನೂ ಮಾಡಿ ಉಳಿದವರು ಪೆನ್ಸಿಲ್ ಚೂಪು ಮಾಡುತ್ತ ಕೂರಬಹುದು. ಅರವತ್ತು ಮಕ್ಕಳ ತರಗತಿಯಲ್ಲಿ ಇದು ದೊಡ್ಡ ಅಪಾಯವೇ. ಐದೈದು ಮಕ್ಕಳ ಗುಂಪು ಮಾಡಿ, ಪ್ರತಿಯೊಬ್ಬರೂ ಬೆಂಕಿಪೊಟ್ಟಣದ ಅಳತೆಯ ಮೂರು ಕಿರುಚಿತ್ರ ಮಾಡಿದ ಮೇಲೆಯೇ ಗುಂಪು ಒಂದನ್ನು ಆರಿಸಬೇಕೆಂಬ ಷರತ್ತು ಹಾಕಿ. ಅಷ್ಟು ಚಿಕ್ಕ ಜಾಗದಲ್ಲಿ ‘ಚೆನ್ನಾಗಿ ಬಿಡಿಸುವವರ’ ಜೋರು ನಡೆಯುವುದಿಲ್ಲ, ಜೋಡಣೆ ಮಾತ್ರ ಕಾಣುತ್ತದೆ.

ಕಸೂತಿಯನ್ನು ಹಿಡಿದು ಪಾಠ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಖಂಡಿತ. ಗಂಟಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕೂ ಹೊಲಿಗೆ ಬಟ್ಟೆಯ ಎಳೆ ಎಣಿಸಿ ಹಾಕುವಂಥವು. ಗಣಿತದ ಗ್ರಾಫ್ ಹಾಳೆಯ ಮೇಲೆ ಗೋಪುರ, ತೇರು, ತುಳಸಿಕಟ್ಟೆ ಸಲೀಸಾಗಿ ಬರುತ್ತವೆ. ಆದರೆ ಹಳೆಯ ನಮೂನೆಯನ್ನು ಹಾಗೇ ಇಳಿಸಿಕೊಂಡರೆ ಅದು ಇನ್ನೊಂದು ಗುಡ್ಡ-ಸೂರ್ಯ ಆದೀತು. ಅದೇ ಎಣಿಕೆಯ ನಿಯಮದಲ್ಲಿ ಟ್ರ್ಯಾಕ್ಟರ್, ಮೊಬೈಲ್ ಟವರ್, ಶಾಲೆಯ ಗೇಟು ಬರಲಿ ಎಂದು ಹೇಳಿ. ಪರಂಪರೆಯ ಮೇಲೆ ಭಾಷಣ ಬೇಡ. ಅರ್ಧ ಅವಧಿ ಅದಕ್ಕೇ ಹೋಗುತ್ತದೆ.

ಪಾಶ್ಚಾತ್ಯ ಪಟ್ಟಿ ಬಿಟ್ಟು ನಮ್ಮ ಷಡಂಗವನ್ನೇ ಕಲಿಸಿದರಾಗದೇ ಎಂಬ ವಾದವೂ ನಿಮ್ಮ ಕಿವಿಗೆ ಬಿದ್ದಿರಬಹುದು. ರೂಪಭೇದ, ಪ್ರಮಾಣ, ಭಾವ, ಲಾವಣ್ಯಯೋಜನೆ, ಸಾದೃಶ್ಯ, ವರ್ಣಿಕಾಭಂಗ. ಕಾಮಸೂತ್ರಕ್ಕೆ ಯಶೋಧರ ಬರೆದ ವ್ಯಾಖ್ಯಾನದಲ್ಲಿ ಉಳಿದುಬಂದ ಈ ಆರು ಅಂಗಗಳ ಬಗ್ಗೆ ಅವನೀಂದ್ರನಾಥ ಟ್ಯಾಗೋರರು ಕಳೆದ ಶತಮಾನದಲ್ಲಿ ಬರೆದ ಮೇಲೆ ಅವು ಕಲಾಶಾಲೆಗಳಿಗೆ ಮರಳಿ ಬಂದವು. ಭಾವ ಎಂಬುದು ಅಲ್ಲಿದೆ, ನಿಮ್ಮ ಪಠ್ಯದ ಪಟ್ಟಿಯಲ್ಲಿಲ್ಲ. ಆ ಒಂದು ಕಾರಣಕ್ಕೆ ನನಗೆ ಷಡಂಗದ ಮೇಲೆ ಪ್ರೀತಿ. ಆದರೆ ಒಂದು ಪಟ್ಟಿಯ ಜಾಗಕ್ಕೆ ಇನ್ನೊಂದನ್ನು ತಂದು ಬಾಯಿಪಾಠ ಮಾಡಿಸಿದರೆ ಮಕ್ಕಳಿಗೆ ಸಂಸ್ಕೃತದ ಉಚ್ಚಾರ ಸುಧಾರಿಸಬಹುದು, ಅಷ್ಟೇ. ಒಂಬತ್ತನೆಯವರಿಗೆ ವರ್ಷದ ಕೊನೆಯಲ್ಲಿ ಪರಿಚಯಿಸಿ.

ನಿಮ್ಮ ಜಾಗದಲ್ಲಿ ನಾನಿದ್ದರೆ ಎಂಟನೆಯ ತರಗತಿಗೆ ಮೂರನ್ನೇ ಹಿಡಿಯುತ್ತಿದ್ದೆ: ವೈದೃಶ್ಯ, ಸಮತೋಲನ, ಪುನರಾವರ್ತನೆಯಿಂದ ಹುಟ್ಟುವ ಲಯ. ಒಂಬತ್ತಕ್ಕೆ ಪ್ರಾಧಾನ್ಯ, ಪ್ರಮಾಣ ಸೇರಿಸುತ್ತಿದ್ದೆ. ಏಕತೆಯನ್ನು ಬೇರೆ ಪಾಠವಾಗಿ ಮಾಡುತ್ತಿರಲಿಲ್ಲ. ಉಳಿದದ್ದು ಕೂಡಿಬಂದರೆ ಅದು ಬಂದಿರುತ್ತದೆ, ಬಾರದಿದ್ದರೆ ‘ಏಕತೆ ತನ್ನಿ’ ಎಂದರೆ ಬರುವಂಥದ್ದಲ್ಲ.

ಪ್ರಾಧಾನ್ಯ, ಪ್ರಮಾಣಕ್ಕೆ ಊರಿನ ವೃತ್ತದಲ್ಲಿ ಕಟ್ಟಿದ ಫ್ಲೆಕ್ಸ್ ಬ್ಯಾನರಿಗಿಂತ ಒಳ್ಳೆಯ ಪಠ್ಯವಿಲ್ಲ. ಹುಟ್ಟುಹಬ್ಬದ ನಾಯಕರ ಮುಖ ಆಳೆತ್ತರ, ಮೇಲಿನ ಸಾಲಿನ ಹಿರಿಯರು ತಟ್ಟೆಯಷ್ಟು, ಕೆಳಗೆ ಶುಭ ಕೋರುವ ಇಪ್ಪತ್ತು ಯುವಕರು ಬಟ್ಟಲಿನಷ್ಟು. ಯಾರ ಸ್ಥಾನ ಎಷ್ಟೆಂದು ಅಕ್ಷರ ಬಾರದವರಿಗೂ ತಿಳಿಯುತ್ತದೆ. ಇದು ಹಳೆಯ ವಿದ್ಯೆ. ಬಾದಾಮಿಯ ಮೂರನೆಯ ಗುಹೆ, ಅದರಲ್ಲಿ ಕ್ರಿ.ಶ. 578ರ ಮಂಗಳೇಶನ ಶಾಸನವಿದೆ, ಅಲ್ಲಿನ ತ್ರಿವಿಕ್ರಮನನ್ನು ನೋಡಿ: ಎತ್ತಿದ ಕಾಲು ಇಡೀ ಫಲಕವನ್ನು ಸೀಳಿಕೊಂಡು ಹೋಗಿದೆ, ಉಳಿದವರೆಲ್ಲ ಅವನ ಮುಂದೆ ಗಿಡ್ಡರು. ಶಿಲ್ಪಿ ಅಲ್ಲಿ ನಿಂತ. ಫ್ಲೆಕ್ಸ್ ಮಾಡುವವರು ನಿಲ್ಲದೆ ಹಳದಿ, ಗುಲಾಬಿ, ಹೂವು, ಹುಲಿ, ಬೆಳಕಿನ ಕಿರಣ ಎಲ್ಲವನ್ನೂ ಸುರಿಯುತ್ತಾರೆ. ಮಕ್ಕಳು ಒಂದು ಬ್ಯಾನರನ್ನು ನೋಡಿ ಬಂದು, ಅದರಿಂದ ಯಾವ ಮೂರನ್ನು ತೆಗೆದರೆ ಓದಲು ಸುಲಭವಾದೀತು ಎಂದು ಬರೆಯಲಿ. ನಾಯಕರ ಹೆಸರು, ಪಕ್ಷ ಚರ್ಚೆಗೆ ಬಾರದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಪಾಲಕರ ಸಭೆಯಲ್ಲಿ ನಿಮ್ಮನ್ನೇ ಎತ್ತಿ ಆಡುತ್ತಾರೆ.

ಮೊಬೈಲ್ ನಕಲನ್ನು ನಿಷೇಧಿಸಲು ಹೋಗಬೇಡಿ, ಗೆಲ್ಲುವುದಿಲ್ಲ. ತಂದ ಚಿತ್ರವನ್ನು ಮೂರೇ ಛಾಯೆಗಳಲ್ಲಿ, ಬಿಳಿ, ಬೂದು, ಕಪ್ಪಿನಲ್ಲಿ, ಅಂಗೈಯಷ್ಟು ಸಣ್ಣದಾಗಿ ಇದ್ದಿಲಿನಿಂದ ಮಾಡಿಸಿ. ನಂತರ ಅದರಲ್ಲಿ ಒಂದನ್ನು ಬದಲಿಸಲು ಹೇಳಿ: ಮುಖ್ಯ ಆಕೃತಿಯನ್ನು ಮೂಲೆಗೆ ಸರಿಸು, ಇಲ್ಲವೇ ಹಿನ್ನೆಲೆಯನ್ನು ಕಪ್ಪಾಗಿಸು. ಒಂದು ಬದಲಿಸಿದರೆ ಉಳಿದದ್ದೆಲ್ಲ ಅಲುಗಾಡುತ್ತದೆ. ಅದನ್ನು ಸರಿಪಡಿಸುವಾಗ ನಕಲು ಮುಗಿದು ವಿನ್ಯಾಸ ಶುರುವಾಗಿರುತ್ತದೆ.

ಚಿತ್ರದ ಬಗ್ಗೆ ಮಾತಾಡುವಾಗ ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’ ಎರಡನ್ನೂ ತರಗತಿಯಿಂದ ಹೊರಗಿಡಿ. ಬದಲಿಗೆ ಕೇಳಿ: ಕಣ್ಣು ಮೊದಲು ಎಲ್ಲಿಗೆ ಹೋಯಿತು, ಅಲ್ಲಿಂದ ಎಲ್ಲಿಗೆ? ಚಿತ್ರವನ್ನು ತಲೆಕೆಳಗು ಮಾಡಿ ಗೋಡೆಗೆ ಹಚ್ಚಿದರೆ ಅದು ಗುಡಿಸಲೋ ಮರವೋ ಎಂಬುದು ಮರೆತು ತೂಕ ಮಾತ್ರ ಕಾಣುತ್ತದೆ. ಹತ್ತು ಅಡಿ ದೂರ ನಿಂತು ಕಣ್ಣನ್ನು ಅರೆಮುಚ್ಚಿದರೆ ವೈದೃಶ್ಯ ಇದೆಯೋ ಇಲ್ಲವೋ ಕ್ಷಣದಲ್ಲಿ ಗೊತ್ತಾಗುತ್ತದೆ. ನಾನು ಇಂದಿಗೂ ನನ್ನ ಕೆಲಸಕ್ಕೆ ಮಾಡುವುದು ಇದನ್ನೇ.

ಅಂಕದ ವಿಷಯ. ಅಂತಿಮ ಚಿತ್ರಕ್ಕೆ ಅರ್ಧಕ್ಕಿಂತ ಕಡಿಮೆ ಇಡಿ. ಉಳಿದದ್ದು ಮೂರು ಕಿರುಚಿತ್ರಗಳಿಗೆ, ಮತ್ತು ಮೂರರಲ್ಲಿ ಇದನ್ನೇ ಯಾಕೆ ಆರಿಸಿದೆ ಎಂದು ಮಗು ಬರೆದ ಎರಡು ಸಾಲಿಗೆ. ‘ಸಮತೋಲನ ಇರುವುದರಿಂದ’ ಎಂದು ಬರೆದರೆ ಅಂಕವಿಲ್ಲ. ‘ಎಡಗಡೆಯ ದೊಡ್ಡ ಮರಕ್ಕೆ ಬಲಗಡೆ ಮೂರು ಸಣ್ಣ ಹಕ್ಕಿ ಸಾಕಾದವು’ ಎಂದು ಬರೆದರೆ ಪೂರ್ತಿ ಅಂಕ. ಕೈ ಚುರುಕಿಲ್ಲದ ಮಗುವಿಗೂ ಹೀಗೆ ದಾರಿ ಸಿಗುತ್ತದೆ. ಚಂದದ ಚಿತ್ರಕ್ಕೆ ಅಂಕ 10ಕ್ಕೆ 9 ಬರುವುದನ್ನು ರೂಢಿ ಮಾಡಿಕೊಂಡವರು ಮೊದಲ ಪರೀಕ್ಷೆಯಲ್ಲಿ ಮುನಿಸಿಕೊಳ್ಳುತ್ತಾರೆ, ಕೆಲವು ಪಾಲಕರೂ ಬರುತ್ತಾರೆ. ಕಿರುಚಿತ್ರಗಳ ಹಾಳೆಗಳನ್ನು ದಾರ ಪೋಣಿಸಿ ಇಟ್ಟುಕೊಂಡಿದ್ದರೆ ತೋರಿಸಿ ಮಾತಾಡಬಹುದು. ಪರಿಶೀಲನೆಗೆ ಬರುವವರಿಗೂ ಆ ಕಟ್ಟೇ ದಾಖಲೆ. ಲೋಯರ್ ಗ್ರೇಡ್, ಹೈಯರ್ ಗ್ರೇಡ್ ಡ್ರಾಯಿಂಗ್ ಪರೀಕ್ಷೆಗೆ ಕೂರುವವರಿಗೆ ಮಾತ್ರ ಹಳೆಯ ಪ್ರಶ್ನೆಪತ್ರಿಕೆಗಳ ಪ್ರಕಾರ ಬೇರೆಯಾಗಿ ಅಭ್ಯಾಸ ಮಾಡಿಸಿ. ಪರೀಕ್ಷೆ ಕೇಳುವುದನ್ನು ಪರೀಕ್ಷೆಗೆ ಕೊಡುವುದರಲ್ಲಿ ತಪ್ಪಿಲ್ಲ, ಇಡೀ ತರಗತಿಯನ್ನು ಅದಕ್ಕೆ ಕಟ್ಟಿಹಾಕಬೇಡಿ.

ಶೈಕ್ಷಣಿಕ ಪ್ರವಾಸಕ್ಕೆ ಬಾದಾಮಿಯನ್ನು ಆರಿಸಿಕೊಂಡರೆ ಒಂದು ಮಾತು. ಮೊದಲನೆಯ ಗುಹೆಯ ಹದಿನೆಂಟು ಕೈಗಳ ನಟರಾಜನ ಮುಂದೆ ಗೈಡ್ ಮಾತು ಶುರುಮಾಡುವ ಮೊದಲು ಹತ್ತು ನಿಮಿಷ ಬೇಡಿಕೊಳ್ಳಿ. ಮಕ್ಕಳು ಮೈ, ಮುಖ ಬಿಟ್ಟು ಆ ಕೈಗಳು ಹರಡಿಕೊಂಡ ದಿಕ್ಕನ್ನಷ್ಟೇ ಗೆರೆಗಳಲ್ಲಿ ಹಾಕಲಿ, ಲಯಕ್ಕೆ ಬೇರೆ ಪಾಠ ಬೇಡವಾಗುತ್ತದೆ. ಹಾಳೆ ಹಿಡಿದುಕೊಳ್ಳಲು ಗಟ್ಟಿ ರಟ್ಟು ಒಯ್ಯಿರಿ, ಬುತ್ತಿಯ ಚೀಲಗಳನ್ನು ಬಸ್ಸಿನಲ್ಲೇ ಬಿಡಿಸಿ. ಅಲ್ಲಿನ ಮಂಗಗಳು ರೊಟ್ಟಿಯ ಜೊತೆ ಚಿತ್ರದ ಹಾಳೆಯನ್ನೂ ಕಸಿದುಕೊಂಡು ಹೋಗುತ್ತವೆ.